ಹಳೆಯ ಲಾರಿಗೆ ಹೊಸ ಗುಂಡಿಗೆ

ಪ್ರತಿಯೊಂದು ಲಾರಿಗೂ ಎರಡು ಹುಟ್ಟುಗುರುತುಗಳಿರುತ್ತವೆ. ಒಂದು ಚಾಸಿ ನಂಬರು, ಇನ್ನೊಂದು ಎಂಜಿನ್ ನಂಬರು. ಮೊದಲನೆಯದನ್ನು ಉಕ್ಕಿನ ಚೌಕಟ್ಟಿನ ಮೇಲೆ, ಎರಡನೆಯದನ್ನು ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ. ಸಾರಿಗೆ ಕಚೇರಿಯ ಆರ್.ಸಿ. ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದಲ್ಲಿ ದಾಖಲಾಗುತ್ತವೆ. ಐವತ್ತು ಅರವತ್ತು ವರ್ಷ ದುಡಿದ ಲಾರಿಗಳ ಹಳೆಯ ಪುಸ್ತಕಗಳಲ್ಲಿ ಒಂದು ವಿಶೇಷವನ್ನು ಕಾಣಬಹುದು. ಚಾಸಿ ನಂಬರು ಇದ್ದಲ್ಲೇ ಇರುತ್ತದೆ. ಎಂಜಿನ್ ನಂಬರಿನ ಮೇಲೆ ಮಾತ್ರ ಗೆರೆ ಎಳೆದು ಹೊಸದೊಂದನ್ನು ಬರೆದು ಅಧಿಕಾರಿಯ ರುಜು ಹಾಕಿರುತ್ತಾರೆ. ಅದರ ಪಕ್ಕದಲ್ಲೇ ‘ಪೆಟ್ರೋಲ್’ ಎಂಬ ಪದ ‘ಡೀಸೆಲ್’ ಎಂದು ಬದಲಾಗಿರುತ್ತದೆ.

ಗುಮಾಸ್ತನೊಬ್ಬ ಎಳೆದ ಆ ಒಂದು ಗೆರೆಯ ಹಿಂದೆ ನಮ್ಮ ದೇಶದ ಸಾರಿಗೆಯ ದೊಡ್ಡದೊಂದು ಅಧ್ಯಾಯವಿದೆ. ಮಹಾಯುದ್ಧ, ಇಂಧನದ ಬರ, ವಿದೇಶಿ ವಿನಿಮಯದ ಮುಗ್ಗಟ್ಟು, ಲೈಸೆನ್ಸ್ ಪದ್ಧತಿ, ಊರೂರಿನ ಗ್ಯಾರೇಜುಗಳ ಮೇಸ್ತ್ರಿಗಳ ಕೈಚಳಕ ಎಲ್ಲವೂ ಅದರಲ್ಲಿ ಅಡಗಿವೆ. ಕಾರ್ಖಾನೆಯಲ್ಲಿ ಹುಟ್ಟಿದ ಎಂಜಿನ್ನನ್ನು ಕಳಚಿ ಬೇರೊಂದು ಜಾತಿಯ ಎಂಜಿನ್ ಕೂರಿಸಿದ ಮೇಲೂ ಅದು ಅದೇ ಲಾರಿಯೇ? ಹಳೆಯ ವಾಹನಗಳನ್ನು ಪರಂಪರೆಯೆಂದು ಗೌರವಿಸುವ ಮಾತು ಕೇಳಿಬರುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆ ಕೇವಲ ತರ್ಕದ ಆಟವಾಗಿ ಉಳಿದಿಲ್ಲ.

ಹಡಗಿನಲ್ಲಿ ಬಂದ ಲಾರಿಗಳು

ಭಾರತದ ರಸ್ತೆಗಳಲ್ಲಿ ಮೊದಲು ಓಡಿದ ಲಾರಿಗಳಲ್ಲಿ ಹೆಚ್ಚಿನವು ಪೆಟ್ರೋಲ್ ಲಾರಿಗಳು. ಫೋರ್ಡ್ ಕಂಪನಿ 1926ರಲ್ಲಿ ಇಲ್ಲಿ ಅಂಗಸಂಸ್ಥೆಯನ್ನು ತೆರೆಯಿತು. ಜನರಲ್ ಮೋಟರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಷೆವರ್ಲೆ ವಾಹನಗಳನ್ನು ಜೋಡಿಸತೊಡಗಿತು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಿಂದ ಇಳಿಯುತ್ತಿದ್ದವು; ಇಲ್ಲಿ ನಡೆಯುತ್ತಿದ್ದುದು ಬೋಲ್ಟು ಬಿಗಿಯುವ ಕೆಲಸ ಮಾತ್ರ. ಷೆವರ್ಲೆ, ಫೋರ್ಡ್, ಡಾಡ್ಜ್, ಫಾರ್ಗೊ, ಬೆಡ್‌ಫೋರ್ಡ್ ಎಂಬ ಹೆಸರುಗಳು ಹಳ್ಳಿಗರ ಬಾಯಲ್ಲೂ ನಲಿದಾಡಿದ್ದು ಆ ಕಾಲದಲ್ಲಿ.

ಮೋಟಾರು ವಾಹನವನ್ನು ಇಲ್ಲಿಯೇ ತಯಾರಿಸಬೇಕೆಂಬ ಕನಸು ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. 1930ರ ದಶಕದಲ್ಲಿ ಅವರು ವಿದೇಶಗಳ ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರಕಾರದ ಬೆಂಬಲ ದೊರೆಯಲಿಲ್ಲ. ಉದ್ಯಮಿ ವಾಲಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾದದ್ದು 1944ರಲ್ಲಿ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಎಲ್ಲರ ಲೆಕ್ಕಾಚಾರವನ್ನೂ ಬುಡಮೇಲು ಮಾಡಿತ್ತು.

ಯುದ್ಧಕ್ಕಾಗಿ ಕೆನಡಾದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಾರ್ಖಾನೆಗಳು ಒಂದೇ ಮಾದರಿಯ ಸೇನಾ ಟ್ರಕ್ಕುಗಳನ್ನು ತಯಾರಿಸಿದವು. ಮೋಟು ಮೂತಿ, ಬಲಗಡೆಗೆ ಸ್ಟಿಯರಿಂಗ್, ಹಲವು ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ. ಇಂಥ ವಾಹನಗಳು ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಾದವು. ಫೋರ್ಡ್ ಟ್ರಕ್ಕಿನಲ್ಲಿ 3.9 ಲೀಟರಿನ ವಿ-8 ಎಂಜಿನ್ ಇದ್ದರೆ ಷೆವರ್ಲೆಯಲ್ಲಿ ಸಾಲಾಗಿ ನಿಂತ ಆರು ಸಿಲಿಂಡರುಗಳ 3.5 ಲೀಟರಿನ ಎಂಜಿನ್ ಇತ್ತು. ಎರಡೂ ಪೆಟ್ರೋಲ್ ಕುಡಿಯುವಂಥವೇ. ಬರ್ಮಾ ರಣರಂಗಕ್ಕೆ ಭಾರತವೇ ನೆಲೆಯಾಗಿದ್ದುದರಿಂದ ಯುದ್ಧ ಮುಗಿದಾಗ ಇಲ್ಲಿ ಉಳಿದ ಸೇನಾ ವಾಹನಗಳು ಅಪಾರ. ಸರಕಾರ ಅವನ್ನು ಹರಾಜು ಹಾಕಿತು. ‘ಮಿಲಿಟರಿ ಡಿಸ್ಪೋಸಲ್’ ಎಂಬ ಮಾತು ನಮ್ಮ ಭಾಷೆಗೆ ಸೇರಿದ್ದು ಹೀಗೆ. ಕೊಡಗು, ಮಲೆನಾಡಿನ ಕಾಡುದಾರಿಗಳಲ್ಲಿ ಮರದ ದಿಮ್ಮಿ ಎಳೆಯಲು ಆ ನಾಲ್ಕು ಚಕ್ರದ ಎಳೆತಕ್ಕಿಂತ ಒಳ್ಳೆಯದು ಬೇರೊಂದಿರಲಿಲ್ಲ.

ಇದ್ದಿಲು ತಿಂದ ಎಂಜಿನ್ನು

ಎಂಜಿನ್ನಿನ ಆಹಾರ ಬದಲಿಸುವ ಮೊದಲ ಪ್ರಯೋಗ ನಡೆದದ್ದು ಯುದ್ಧದ ನಡುವೆಯೇ. 1941ರಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಬಸ್ಸು ಲಾರಿಗಳು ನಿಂತುಹೋಗದಂತೆ ಇದ್ದಿಲು ಗ್ಯಾಸಿನ ಮೊರೆಹೋಗಬೇಕಾಯಿತು. ವಾಹನದ ಹಿಂದೆಯೋ ಪಕ್ಕದಲ್ಲೋ ಉರುಟಾದ ಒಲೆಯೊಂದನ್ನು ಕಟ್ಟುತ್ತಿದ್ದರು. ಅದರಲ್ಲಿ ಇದ್ದಿಲು ತುಂಬಿ, ಬೇಕಾದಷ್ಟು ಗಾಳಿ ಕೊಡದೆ ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಕೊಡುತ್ತಿದ್ದರು. ಹೊರಡುವುದಕ್ಕೆ ಎಷ್ಟೋ ಮೊದಲು ಕ್ಲೀನರ್ ಹುಡುಗ ತಿದಿಯ ಚಕ್ರ ತಿರುಗಿಸುತ್ತ ನಿಲ್ಲಬೇಕಾಗಿತ್ತು. ಏರುದಾರಿ ಬಂದಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದುದನ್ನು ಹಿರಿಯರು ನೆನೆಯುವುದುಂಟು. ಅದರಲ್ಲಿ ಆಶ್ಚರ್ಯವಿಲ್ಲ, ಈ ಅನಿಲದಲ್ಲಿ ಉರಿಯದ ಸಾರಜನಕವೇ ಅರ್ಧದಷ್ಟಿರುವುದರಿಂದ ಎಂಜಿನ್ನಿನ ಶಕ್ತಿ ಬಹುವಾಗಿ ಕುಗ್ಗುತ್ತಿತ್ತು.

ಇದ್ದಿಲು ಗ್ಯಾಸು ಸಾರಿಗೆಯನ್ನು ಉಳಿಸಿತು, ಎಂಜಿನ್ನುಗಳನ್ನು ಸವೆಸಿತು. ಸೋಸುಗದ ಕಣ್ತಪ್ಪಿಸಿ ಬಂದ ಬೂದಿ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಗಳನ್ನೂ ಉಪ್ಪುಕಾಗದದಂತೆ ಉಜ್ಜುತ್ತಿತ್ತು. ಯುದ್ಧ ಮುಗಿದು ಪೆಟ್ರೋಲ್ ಸಿಗುವ ಹೊತ್ತಿಗೆ ಎಷ್ಟೋ ಲಾರಿಗಳ ಮೈ ಗಟ್ಟಿಯಾಗಿದ್ದರೂ ಎದೆ ಸೋತಿತ್ತು. ಚಾಲಕರ ಮಾತಿನಲ್ಲಿ ಹೇಳುವುದಾದರೆ ಎಂಜಿನ್ನು ‘ಬೋರಿಗೆ ಬಂದಿತ್ತು’.

ಬೋರು, ಸ್ಲೀವು, ಥೌ

ಈ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯೇ ಸಿಲಿಂಡರ್. ಅದು ಎಲ್ಲ ಕಡೆಯೂ ಸಮನಾಗಿ ಸವೆಯುವುದಿಲ್ಲ. ಬೆಂಕಿ ಹೊತ್ತುವ ಮೇಲ್ತುದಿಯಲ್ಲಿ ಹೆಚ್ಚು, ಕೆಳಗೆ ಕಡಿಮೆ. ಹೀಗಾಗಿ ದುಂಡಗಿದ್ದ ಕೊಳವೆ ಮೊಟ್ಟೆಯಾಕಾರ ತಾಳುತ್ತದೆ. ಆಗ ಉರಿದ ಅನಿಲ ಕೆಳಗೆ ಸೋರುತ್ತದೆ, ಎಣ್ಣೆ ಮೇಲೇರಿ ಉರಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಏರಿನಲ್ಲಿ ಲಾರಿ ಏದುಸಿರು ಬಿಡುತ್ತದೆ.

ಇದಕ್ಕೆ ಮದ್ದು ಕೊಳವೆಯನ್ನು ಮತ್ತೆ ದುಂಡಗೆ ಕೊರೆದು, ಅದಕ್ಕೆ ತಕ್ಕಂತೆ ದಪ್ಪನೆಯ ಪಿಸ್ಟನ್ ಹಾಕುವುದು. ಅಳತೆಯ ಮಾನ ಇಂಚಿನ ಸಾವಿರದ ಒಂದು ಭಾಗ, ಗ್ಯಾರೇಜಿನ ಭಾಷೆಯಲ್ಲಿ ‘ಥೌ’. ಮನುಷ್ಯನ ತಲೆಗೂದಲೊಂದು ಸುಮಾರು ಎರಡು ಮೂರು ಥೌ ದಪ್ಪವಿರುತ್ತದೆ ಎಂದರೆ ಆ ಕೆಲಸದ ಸೂಕ್ಷ್ಮ ತಿಳಿದೀತು. 20, 40, 60 ಥೌ ದಪ್ಪದ ಪಿಸ್ಟನ್ನುಗಳು ಸಿಗುತ್ತಿದ್ದವು. ಅಲ್ಲಿಗೆ ಬ್ಲಾಕಿನ ಗೋಡೆ ತೆಳುವಾಗಿ ಮುಂದೆ ಕೊರೆಯಲು ಜಾಗವಿರುವುದಿಲ್ಲ. ಆಗ ಒಳಗೆ ಹೊಸ ಕೊಳವೆ, ಎಂದರೆ ಸ್ಲೀವ್ ಇಳಿಸಿ ಮತ್ತೆ ಮೊದಲಿನ ಅಳತೆಗೆ ಮರಳುತ್ತಾರೆ. ಸಿಲಿಂಡರು ಬೆಳೆಯುತ್ತ ಹೋದರೆ ಕ್ರ್ಯಾಂಕ್ ಷಾಫ್ಟ್ ಮಾತ್ರ ಪ್ರತಿ ಬಾರಿ ತಿಕ್ಕಿದಾಗಲೂ ಬಡವಾಗುತ್ತ ಹೋಗುತ್ತದೆ. ಅದಕ್ಕೆ ಹೊಂದುವ ಬೇರಿಂಗು ದಪ್ಪವಾಗಬೇಕು.

ಹಳೆಯ ಷೆವರ್ಲೆ ಎಂಜಿನ್ನುಗಳಲ್ಲಿ ಇನ್ನೊಂದು ತೊಡಕಿತ್ತು. ಅವುಗಳ ಕನೆಕ್ಟಿಂಗ್ ರಾಡುಗಳಲ್ಲಿ ಕಳಚಿ ಹಾಕುವ ಬೇರಿಂಗುಗಳಿರಲಿಲ್ಲ. ತವರ, ತಾಮ್ರ, ಆಂಟಿಮನಿ ಬೆರೆಸಿದ ಬಿಳಿ ಲೋಹವನ್ನು ಕರಗಿಸಿ ರಾಡಿನೊಳಗೇ ಎರಕ ಹೊಯ್ದು, ಅದು ಆರಿದ ಮೇಲೆ ಕೆತ್ತಿ ಹೊಂದಿಸಬೇಕಾಗಿತ್ತು. ನೀಲಿ ಬಣ್ಣ ಸವರಿ ಷಾಫ್ಟನ್ನು ಒಮ್ಮೆ ತಿರುಗಿಸಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಬಣ್ಣ ಅಂಟುತ್ತದೆ. ಅಷ್ಟನ್ನೇ ಹೆರೆಯುವುದು, ಮತ್ತೆ ತಿರುಗಿಸುವುದು. ಷೆವರ್ಲೆಯಲ್ಲಿ ಈ ಪದ್ಧತಿ 1953ರವರೆಗೂ ಉಳಿದಿತ್ತು. ಅಮೆರಿಕದಲ್ಲಿ ಸವೆದ ಎಂಜಿನ್ನನ್ನು ಕೊಟ್ಟು ಸಿದ್ಧಪಡಿಸಿದ ಎಂಜಿನ್ನನ್ನು ತೆಗೆದುಕೊಂಡು ಹೋಗುವ ಅನುಕೂಲವಿತ್ತು. ಇಲ್ಲಿ ಅದೇ ಕೆಲಸವನ್ನು ಮೇಸ್ತ್ರಿ ತನ್ನ ಕಣ್ಣು, ಕಿವಿ, ಬೆರಳ ತುದಿಗಳಿಂದಲೇ ಮಾಡುತ್ತಿದ್ದ. ಬಿಳಿ ಲೋಹದ ಎರಕ ಹೊಯ್ಯುವ ಆ ವಿದ್ಯೆ ಬಲ್ಲವರು ಈಗ ತೀರ ವಿರಳ.

ಡೀಸೆಲ್ಲಿನ ಆಕರ್ಷಣೆ

ಹೀಗೆ ಎಂಜಿನ್ನನ್ನು ಎಷ್ಟು ಸಲ ಬದುಕಿಸಿದರೂ ಅದು ಪೆಟ್ರೋಲ್ ಕುಡಿಯುವುದನ್ನು ಬಿಡುವುದಿಲ್ಲ. ಲಾರಿಯ ಮಾಲೀಕನಿಗೆ ಡೀಸೆಲ್ ಕಣ್ಣಿಗೆ ಬಿದ್ದದ್ದು ಈ ಹಂತದಲ್ಲಿ.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಅದು ಮೊದಲಿಗೆ ಕಾರ್ಖಾನೆಗೂ ಹಡಗಿಗೂ ಸಲ್ಲುವಂಥ ದೈತ್ಯ ಯಂತ್ರವಾಗಿತ್ತು. 1923-24ರಲ್ಲಿ ಜರ್ಮನಿಯ ಬೆಂಜ್ ಮತ್ತು ಮಾನ್ ಕಂಪನಿಗಳು ಅದನ್ನು ಲಾರಿಯ ಮೇಲೆ ಕೂರಿಸಿದವು. 1927ರಲ್ಲಿ ಬಾಷ್ ಕಂಪನಿ ಇಂಧನವನ್ನು ಹನಿಹನಿಯಾಗಿ ಅಳೆದು ಚಿಮ್ಮಿಸುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಯ ಹಾದಿ ಸುಗಮವಾಯಿತು.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಬೆರೆತ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೆಂಕಿ ಹಚ್ಚುತ್ತದೆ. ಮಿಶ್ರಣವನ್ನು ಅತಿಯಾಗಿ ಒತ್ತಿದರೆ ಹೊತ್ತಬೇಕಾದ ಮುನ್ನವೇ ಹೊತ್ತಿಕೊಂಡು ಎಂಜಿನ್ನು ಬಡಿದುಕೊಳ್ಳುತ್ತದೆ. ಆದ್ದರಿಂದ ಆ ಕಾಲದ ಲಾರಿಗಳಲ್ಲಿ ಮಿಶ್ರಣವನ್ನು ಆರೇಳರಲ್ಲಿ ಒಂದು ಪಾಲಿಗೆ ಮಾತ್ರ ಅದುಮುತ್ತಿದ್ದರು. ಡೀಸೆಲ್ಲಿನಲ್ಲಿ ಒಳಕ್ಕೆ ಬರುವುದು ಬರೀ ಗಾಳಿ. ಅದನ್ನು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದಾಗ ಕಾದ ಗಾಳಿಯೇ, ಚಿಮ್ಮಿದ ಇಂಧನವನ್ನು ಹೊತ್ತಿಸುತ್ತದೆ. ಹೆಚ್ಚು ಒತ್ತಿದಷ್ಟೂ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಅದೇ ಭಾರ, ಅದೇ ದಾರಿ, ಆದರೆ ಇಂಧನ ಕಡಿಮೆ. ಅದರ ಮೇಲೆ ತೆರಿಗೆಯ ಕೃಪೆಯಿಂದ ಡೀಸೆಲ್ ಪೆಟ್ರೋಲಿಗಿಂತ ಅಗ್ಗವಾಗಿತ್ತು. ಎರಡು ಲಾಭಗಳೂ ಕೂಡಿದಾಗ ಎಂಜಿನ್ ಬದಲಿಸುವ ಖರ್ಚು ಕೆಲವೇ ವರ್ಷಗಳ ಬಾಡಿಗೆಯಲ್ಲಿ ಹುಟ್ಟುತ್ತಿತ್ತು.

ಇಂಥ ಬದಲಾವಣೆಗೆಂದೇ ಹೇಳಿ ಮಾಡಿಸಿದಂತಿದ್ದ ಎಂಜಿನ್ನೊಂದು ಇಂಗ್ಲೆಂಡಿನ ಪೀಟರ್‌ಬರೊ ಪಟ್ಟಣದಲ್ಲಿ ತಯಾರಾಗುತ್ತಿತ್ತು. ಫ್ರಾಂಕ್ ಪರ್ಕಿನ್ಸ್ 1932ರಲ್ಲಿ ಕಟ್ಟಿದ ಕಂಪನಿ 1930ರ ದಶಕದ ಕೊನೆಗೆ ಹೊರತಂದ ‘ಪಿ-6’ ಅದು. ಆರು ಸಿಲಿಂಡರು, 4.73 ಲೀಟರು. ಪೆಟ್ರೋಲ್ ಎಂಜಿನ್ ಕುಳಿತ ಜಾಗದಲ್ಲೇ ಹಿಡಿಸುವಷ್ಟು ಪುಟ್ಟದು, ಡೀಸೆಲ್ಲಿನ ಮಟ್ಟಿಗೆ ಚುರುಕು. ಬ್ರಿಟನ್ನಿನಲ್ಲೂ ಅದರ ಹೊರಗೂ ಎಷ್ಟೋ ಪೆಟ್ರೋಲ್ ಲಾರಿಗಳು ಇದರಿಂದ ಮರುಜನ್ಮ ಪಡೆದವು. ನಮ್ಮಲ್ಲಿ ಈ ಎಂಜಿನ್ನುಗಳನ್ನು ತಯಾರಿಸಿದ್ದು ಮದರಾಸಿನ ಸಿಂಪ್ಸನ್ ಕಂಪನಿ. 1840ರಲ್ಲಿ ಕುದುರೆ ಸಾರೋಟು ಕಟ್ಟುವ ಕೆಲಸದಿಂದ ಆರಂಭವಾದ ಸಂಸ್ಥೆ ಅದು ಎಂಬುದು ಸ್ವಾರಸ್ಯಕರ.

ಕಸಿ ಮಾಡುವ ಕೆಲಸ

ಎಂಜಿನ್ ಬದಲಿಸುವುದೆಂದರೆ ಹಳೆಯದನ್ನು ಸರಪಳಿ ಕಪ್ಪಿಯಿಂದ ಎತ್ತಿ ಹೊಸದನ್ನು ಇಳಿಸಿದರೆ ಮುಗಿಯಿತು ಎಂದು ತಿಳಿಯಬಾರದು. ಮಾವಿನ ಗಿಡಕ್ಕೆ ಬೇರೊಂದು ಮಾವಿನ ಕುಡಿಯನ್ನು ಕಸಿ ಕಟ್ಟುವವನು ಎರಡೂ ತೊಗಟೆಗಳು ಸರಿಯಾಗಿ ಕೂಡುವಂತೆ ನೋಡಿಕೊಳ್ಳುತ್ತಾನಲ್ಲ, ಇದೂ ಹಾಗೆಯೇ.

ಮೊದಲ ತೊಡಕು ಗೇರ್ ಬಾಕ್ಸಿನದು. ಒಂದು ಕಂಪನಿಯ ಎಂಜಿನ್ನಿನ ಹಿಂಬದಿಯ ಬೋಲ್ಟಿನ ತೂತುಗಳು ಇನ್ನೊಂದು ಕಂಪನಿಯ ಗೇರ್ ಬಾಕ್ಸಿಗೆ ಹೊಂದುವುದಿಲ್ಲ. ನಡುವೆ ಉಕ್ಕಿನ ತಟ್ಟೆಯೊಂದನ್ನು ಕಡೆದು ಎರಡನ್ನೂ ಜೋಡಿಸಬೇಕು. ಎಂಜಿನ್ನಿನ ನಡುಗೆರೆಯೂ ಗೇರ್ ಬಾಕ್ಸಿನ ನಡುಗೆರೆಯೂ ಕೆಲವೇ ಥೌಗಳೊಳಗೆ ಒಂದಾಗಬೇಕು. ತಪ್ಪಿದರೆ ಕ್ಲಚ್ ಪ್ಲೇಟು ಹರಿಯುತ್ತದೆ, ಗೇರ್ ಬಾಕ್ಸಿನ ಬೇರಿಂಗು ಕೂಗುತ್ತದೆ.

ಎರಡನೆಯದು ಭಾರ. ಅಷ್ಟು ಒತ್ತಡ ತಡೆಯಬೇಕಾದ ಡೀಸೆಲ್ ಎಂಜಿನ್ನು ಸಹಜವಾಗಿಯೇ ತೂಕದ್ದು. ಮುಂದಿನ ಕಮಾನುಪಟ್ಟಿಗೆ ಇನ್ನೊಂದೆರಡು ಎಲೆ ಸೇರಿಸಬೇಕು. ಅದರ ನಡುಕವೂ ಹೆಚ್ಚು. ಎಂಜಿನ್ ಕೂರುವ ಬ್ರಾಕೆಟ್ಟುಗಳನ್ನು ಗಟ್ಟಿ ಮಾಡದಿದ್ದರೆ ಚಾಸಿ ಬಿರುಕು ಬಿಡುತ್ತದೆ.

ಮೂರನೆಯದು ವೇಗ. ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ 3600 ಸುತ್ತು ತಿರುಗುತ್ತಿದ್ದರೆ ಪಿ-6 ಸುಮಾರು 2400ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋಗದಂತೆ ಗವರ್ನರ್ ತಡೆಯುತ್ತದೆ. ಹಿಂದಿನ ಆಕ್ಸಲ್ಲಿನ ಹಲ್ಲುಗಳನ್ನು ಹಾಗೆಯೇ ಬಿಟ್ಟರೆ ಗಂಟೆಗೆ 45 ಮೈಲಿ ಓಡುತ್ತಿದ್ದ ಲಾರಿ 30 ಮೈಲಿಗೆ ಇಳಿಯುತ್ತದೆ. ವೇಗ ಬೇಕೆಂದರೆ ಕ್ರೌನ್ ಮತ್ತು ಪಿನಿಯನ್ ಬದಲಿಸಬೇಕು. ಎಷ್ಟೋ ಮಾಲೀಕರು ಆ ಖರ್ಚಿಗೆ ಹೋಗಲಿಲ್ಲ. ನಿಧಾನವಾದರೂ ಏರಿನಲ್ಲಿ ಹಟ ಹಿಡಿದು ಎಳೆಯುವ ಲಾರಿ ಅವರಿಗೆ ಸಾಕಾಗಿತ್ತು.

ನಾಲ್ಕನೆಯದು ವಿದ್ಯುತ್ತು. ಹಳೆಯ ಅಮೆರಿಕನ್ ಲಾರಿಗಳಲ್ಲಿ ಇದ್ದದ್ದು ಆರು ವೋಲ್ಟಿನ ಬ್ಯಾಟರಿ. ಡೀಸೆಲ್ಲಿನ ಬಿಗಿಯಾದ ಎಂಜಿನ್ನನ್ನು ಅದರಿಂದ ತಿರುಗಿಸಲು ಆಗದು. ಬ್ಯಾಟರಿ, ಸ್ಟಾರ್ಟರ್, ಡೈನಮೊ, ಬಲ್ಬುಗಳವರೆಗೆ ಎಲ್ಲವೂ ಬದಲಾಗಬೇಕು. ನಿಲ್ಲಿಸುವ ರೀತಿಯೂ ಬೇರೆ. ಪೆಟ್ರೋಲ್ ಲಾರಿಯ ಕೀಲಿ ತಿರುಗಿಸಿದರೆ ಕಿಡಿ ನಿಂತು ಎಂಜಿನ್ನೂ ನಿಲ್ಲುತ್ತದೆ. ಡೀಸೆಲ್ಲಿಗೆ ಕಿಡಿಯೇ ಇಲ್ಲವಾದ್ದರಿಂದ ಸರಿಗೆಯೊಂದನ್ನು ಎಳೆದು ಇಂಧನವನ್ನೇ ತಡೆಯಬೇಕು. ಕ್ಲೀನರ್ ಹುಡುಗನೂ ಹೊಸ ಪಾಠ ಕಲಿಯಬೇಕಾಯಿತು. ಇಂಧನದ ಕೊಳವೆಯೊಳಗೆ ಗಾಳಿ ಹೊಕ್ಕರೆ ಡೀಸೆಲ್ ಎಂಜಿನ್ನು ಹೊತ್ತುವುದಿಲ್ಲ. ಸ್ಕ್ರೂ ಸಡಿಲಿಸಿ, ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೂ ಕೈಪಂಪು ಒತ್ತಬೇಕು.

ಘಾಟಿಯಲ್ಲಿ ಪರೀಕ್ಷೆ

ಇವೆಲ್ಲಕ್ಕಿಂತ ಗಂಭೀರವಾದದ್ದು ಬ್ರೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಚಾಲಕ ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಗಾಳಿಯ ದಾರಿಯಲ್ಲಿರುವ ಬಾಗಿಲು ಮುಚ್ಚುತ್ತದೆ. ಎಂಜಿನ್ನು ಗಾಳಿಗಾಗಿ ಹೀರುತ್ತಿರುವುದರಿಂದ ಬಾಗಿಲಿನ ಈಚೆಗೆ ನಿರ್ವಾತ ಉಂಟಾಗುತ್ತದೆ. ಅದನ್ನೇ ಬಳಸಿಕೊಂಡು ಚಾಲಕನ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುವ ಸಾಧನ ಅನೇಕ ಲಾರಿಗಳ ಬ್ರೇಕಿನಲ್ಲಿತ್ತು. ಡೀಸೆಲ್ಲಿನಲ್ಲಾದರೋ ಸಾಮಾನ್ಯವಾಗಿ ಅಂಥ ಬಾಗಿಲೇ ಇರುವುದಿಲ್ಲ. ವೇಗವನ್ನು ನಿಯಂತ್ರಿಸುವುದು ಇಂಧನವೇ ಹೊರತು ಗಾಳಿಯಲ್ಲ. ಬಾಗಿಲಿಲ್ಲದಿದ್ದರೆ ನಿರ್ವಾತವಿಲ್ಲ, ನಿರ್ವಾತವಿಲ್ಲದಿದ್ದರೆ ಬ್ರೇಕಿಗೆ ಒತ್ತಾಸೆಯಿಲ್ಲ.

ಇದಕ್ಕೆ ಪರಿಹಾರ ಎಂಜಿನ್ನಿನಿಂದಲೇ ತಿರುಗುವ ನಿರ್ವಾತ ಪಂಪೊಂದನ್ನು ಸೇರಿಸುವುದು. ಬಲ್ಲ ಮೇಸ್ತ್ರಿ ಅದನ್ನು ಮರೆಯುತ್ತಿರಲಿಲ್ಲ. ಅರೆಬರೆ ಬಲ್ಲವನು ಎಂಜಿನ್ನು ಹೊತ್ತಿಕೊಂಡ ಸಂಭ್ರಮದಲ್ಲಿ ಅದನ್ನು ಬಿಟ್ಟುಬಿಟ್ಟರೆ ಬಯಲುಸೀಮೆಯ ದಾರಿಯಲ್ಲಿ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಮಂಗಳೂರಿನ ಹೆಂಚು, ಚಿಕ್ಕಮಗಳೂರಿನ ಕಾಫಿ, ಮಲೆನಾಡಿನ ದಿಮ್ಮಿ ಹೇರಿಕೊಂಡು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ತಿರುವು ತಿರುಗುವಾಗ ಅದರ ಬೆಲೆ ತಿಳಿಯುತ್ತಿತ್ತು. ಎಂಜಿನ್ ಬದಲಾವಣೆಯಲ್ಲಿ ಲಾಭ ಮಾಲೀಕನದಾದರೆ, ಅಪಾಯ ಚಾಲಕನದೂ ಕ್ಲೀನರನದೂ ಎದುರಿಗೆ ಬಂದವರದೂ ಆಗಿತ್ತು ಎಂಬುದನ್ನು ಈ ಇತಿಹಾಸ ಬರೆಯುವಾಗ ಮರೆಯುವಂತಿಲ್ಲ.

ಅಭಾವವೇ ಗುರು

ಇಷ್ಟೆಲ್ಲ ಸಾಹಸಪಡುವ ಬದಲು ಹೊಸ ಲಾರಿ ಕೊಳ್ಳಬಾರದಿತ್ತೇ ಎಂದು ಇಂದಿನ ಓದುಗರು ಕೇಳಬಹುದು. ಕೊಳ್ಳಲು ಸಿಗಬೇಕಲ್ಲ! 1953ರಲ್ಲಿ ಸುಂಕ ಆಯೋಗದ ವರದಿಯ ಮೇಲೆ ಸರಕಾರ ಒಂದು ನಿರ್ಧಾರಕ್ಕೆ ಬಂತು. ಬಿಡಿಭಾಗ ತಂದು ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ, ಹಂತಹಂತವಾಗಿ ಇಲ್ಲಿಯೇ ತಯಾರಿಸುವವರಿಗಷ್ಟೇ ಅವಕಾಶ ಎಂದಾಯಿತು. ಫೋರ್ಡ್ ಮತ್ತು ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಅವು ಮಾರಿದ ಸಾವಿರಾರು ಲಾರಿಗಳು ಮಾತ್ರ ತವರುಮನೆ ಇಲ್ಲದವರಂತೆ ಇಲ್ಲಿಯೇ ಉಳಿದವು.

1954ರಲ್ಲಿ ಟಾಟಾದವರ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಒಪ್ಪಂದ ಮಾಡಿಕೊಂಡು ಡೀಸೆಲ್ ಲಾರಿಗಳನ್ನು ಹೊರತಂದಿತು. 1955ರಲ್ಲಿ ಮದರಾಸಿನ ಅಶೋಕ್ ಮೋಟರ್ಸ್, ಅಶೋಕ್ ಲೇಲ್ಯಾಂಡ್ ಆಯಿತು. ಪ್ರೀಮಿಯರ್ ಕಂಪನಿಯ ಡಾಡ್ಜ್, ಫಾರ್ಗೊ ಲಾರಿಗಳು ಪರ್ಕಿನ್ಸ್ ಡೀಸೆಲ್ ಎಂಜಿನ್ನಿನೊಂದಿಗೂ ಬಂದವು. ಗ್ಯಾರೇಜುಗಳು ಮಾಡುತ್ತಿದ್ದ ಕಸಿಯನ್ನೇ ಕಾರ್ಖಾನೆಯೂ ಒಪ್ಪಿಕೊಂಡಂತಾಯಿತು. ಆದರೆ ಲೈಸೆನ್ಸ್ ಪದ್ಧತಿಯಲ್ಲಿ ಎಷ್ಟು ಲಾರಿ ತಯಾರಿಸಬೇಕೆಂಬುದನ್ನೂ ಸರಕಾರವೇ ನಿಗದಿ ಮಾಡುತ್ತಿತ್ತು. ಹೊಸ ಲಾರಿಗಾಗಿ ಹಣ ಕಟ್ಟಿ ಕಾಯಬೇಕಾಗಿತ್ತು. 1957ರ ವಿದೇಶಿ ವಿನಿಮಯದ ಮುಗ್ಗಟ್ಟಿನ ನಂತರ ಆಮದಿನ ಮೇಲೆ ಬಿಗಿ ಹೆಚ್ಚಿತು. ಹಳೆಯ ಷೆವರ್ಲೆಗೆ ಬೇಕಾದ ಪಿಸ್ಟನ್ ತರಿಸುವುದೂ ಕಷ್ಟವಾಯಿತು. ಇಲ್ಲಿ ಸಿಗದ ಎಂಜಿನ್ನನ್ನು ರಿಪೇರಿ ಮಾಡುವುದಕ್ಕಿಂತ ಇಲ್ಲಿ ಸಿಗುವ ಎಂಜಿನ್ನನ್ನು ಕೂರಿಸುವುದೇ ಜಾಣತನವಾಯಿತು. ಅಪಘಾತದಲ್ಲಿ ನುಜ್ಜುಗುಜ್ಜಾದ ಲಾರಿಯ ಎಂಜಿನ್ನೂ ಗುಜರಿಯಿಂದ ಎದ್ದುಬಂದು ಇನ್ನೊಂದರ ಎದೆ ಸೇರುತ್ತಿತ್ತು.

ಟಾಟಾ ಎಂಜಿನ್ನುಗಳ ಹೆಸರಿನಲ್ಲೇ ಅವುಗಳ ಜಾತಕವಿದೆ. ‘692’ ಎಂದರೆ ಆರು ಸಿಲಿಂಡರು, 92 ಮಿಲಿಮೀಟರ್ ಬೋರು. ‘697’ ಎಂದರೆ ಆರು ಸಿಲಿಂಡರು, 97 ಮಿಲಿಮೀಟರ್ ಬೋರು. ಬಿಡಿಭಾಗ ಎಲ್ಲ ಊರುಗಳಲ್ಲೂ ಸಿಗುವುದೇ ಒಂದು ಎಂಜಿನ್ನಿನ ದೊಡ್ಡ ಗುಣ ಎಂಬುದನ್ನು ಈ ದೇಶದ ಲಾರಿ ಮಾಲೀಕ ಬೇಗ ಅರಿತುಕೊಂಡ. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ನಂತರ ಕೆಲವೇ ತಿಂಗಳುಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾದಾಗ, ಅಲ್ಲಿಯವರೆಗೂ ಪೆಟ್ರೋಲಿಗೆ ಅಂಟಿಕೊಂಡಿದ್ದ ವಾಹನಗಳೂ ಡೀಸೆಲ್ಲಿನ ಕಡೆಗೆ ಮುಖ ಮಾಡಿದವು.

ಹರಿಹರದ ಲೇತು, ಆಡುಗೋಡಿಯ ಪಂಪು

ಈ ಕಥೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಎಂಜಿನ್ ಕಸಿಗೆ ಮೊದಲು ಬೇಕಾದ ಯಂತ್ರ ಲೇತು. ತಟ್ಟೆ ಕಡೆಯುವುದು, ಬುಷ್ ತಿರುಗಿಸುವುದು, ಫ್ಲೈವೀಲ್ ಸವರುವುದು ಎಲ್ಲ ಅದರ ಮೇಲೆಯೇ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಅನೇಕ ವರ್ಕ್‌ಷಾಪುಗಳನ್ನು ಸೇರಿದ್ದವು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಆರಂಭವಾಯಿತು. ಡೀಸೆಲ್ ಎಂಜಿನ್ನಿನ ಜೀವನಾಡಿಯಾದ ಇಂಧನ ಪಂಪು ಮತ್ತು ನಾಜಲ್‌ಗಳನ್ನು ಇಲ್ಲಿಯೇ ತಯಾರಿಸಿದ್ದು ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ, ಆಡುಗೋಡಿಯ ಮೈಕೋ. ಇಂಧನವನ್ನು ಪ್ರತಿ ಸಿಲಿಂಡರಿಗೂ ಸರಿಸಮನಾಗಿ, 1-5-3-6-2-4 ಎಂಬ ಸರದಿಯಲ್ಲಿ, ಕಣ್ಣೆವೆಯಿಕ್ಕುವುದರೊಳಗೆ ಚಿಮ್ಮಿಸುವ ಆ ಪಂಪಿನ ಸೂಕ್ಷ್ಮ ಕೆಲಸ ಸಾಮಾನ್ಯ ಗ್ಯಾರೇಜಿಗೆ ಎಟುಕುವಂಥದಲ್ಲ. ಪಂಪ್ ಕ್ಯಾಲಿಬ್ರೇಷನ್ ಎಂಬ ಪ್ರತ್ಯೇಕ ವೃತ್ತಿಯೇ ಬೆಳೆಯಿತು. ಹೆದ್ದಾರಿಯ ಪಕ್ಕದ ಊರುಗಳಲ್ಲಿ ಆ ಫಲಕಗಳನ್ನು ಇಂದಿಗೂ ಕಾಣಬಹುದು.

ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಬೀದಿಗಳು ಇಂಥ ವಿದ್ಯೆಯ ಪಾಠಶಾಲೆಗಳಾಗಿದ್ದವು. ಅಲ್ಲಿ ಪಠ್ಯಪುಸ್ತಕವಿರಲಿಲ್ಲ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಸ್ಪ್ಯಾನರ್ ಎತ್ತಿಕೊಡಲು ಸೇರಿದ ಹುಡುಗ ಎಷ್ಟೋ ವರ್ಷಗಳ ನಂತರ ಮೇಸ್ತ್ರಿಯಾಗುತ್ತಿದ್ದ. ಶಾಲೆ ತಪ್ಪಿಸಿಕೊಂಡ ಆ ಬಾಲ್ಯದ ಬೆಲೆಯೂ ಈ ಕುಶಲತೆಯಲ್ಲಿ ಸೇರಿದೆ. ಅವರ ಕೈಕೆಲಸ ದೇಶದ ಸರಕು ಸಾಗಣೆಯನ್ನು ದಶಕಗಳ ಕಾಲ ಹೊತ್ತರೂ ಅವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ.

ಕಾನೂನಿನ ಕಣ್ಣಿನಲ್ಲಿ

1939ರ ಮೋಟಾರು ವಾಹನ ಕಾಯಿದೆ ಇಂಥ ಬದಲಾವಣೆಯನ್ನು ನಿಷೇಧಿಸಿರಲಿಲ್ಲ. ಬದಲಾವಣೆಯನ್ನು ಕಚೇರಿಗೆ ತಿಳಿಸಿ ಪುಸ್ತಕದಲ್ಲಿ ನಮೂದಿಸಬೇಕೆಂದು ಹೇಳುತ್ತಿತ್ತು. 1988ರ ಕಾಯಿದೆಯ 52ನೆಯ ಸೆಕ್ಷನ್ನಿಗೆ 2000ದಲ್ಲಿ ಆದ ತಿದ್ದುಪಡಿ ಈ ಧೋರಣೆಯನ್ನು ಬದಲಿಸಿತು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಘಾಟಿಯ ಬ್ರೇಕಿನ ಸಂಗತಿಯನ್ನು ನೆನೆದರೆ ಇದರ ಹಿಂದಿನ ಕಾಳಜಿ ಅರ್ಥವಾಗುತ್ತದೆ.

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ರೂಪಿಸಿತು. ಐವತ್ತು ವರ್ಷ ಮೀರಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಸಾರ. ಅದು ಅನ್ವಯವಾಗುವುದು ದ್ವಿಚಕ್ರ ವಾಹನಗಳಿಗೆ ಮತ್ತು ಪ್ರಯಾಣಿಕರ ಕಾರುಗಳ ವರ್ಗಕ್ಕೆ. ಸರಕು ಹೊತ್ತ ಲಾರಿಗೆ ಅದರಲ್ಲಿ ಜಾಗವಿಲ್ಲ. ಇದ್ದಿದ್ದರೂ, ಎದೆ ಬದಲಿಸಿಕೊಂಡ ಲಾರಿ ಆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ರಾಜರ ಅರಮನೆಯ ಕಾರು ವರ್ಷಕ್ಕೆ ನಾಲ್ಕು ಸಲ ಮೆರವಣಿಗೆಗೆ ಹೊರಟು ಮತ್ತೆ ಕೊಟ್ಟಿಗೆ ಸೇರುತ್ತಿತ್ತು. ಅದು ಮೂಲ ರೂಪದಲ್ಲಿ ಉಳಿದದ್ದು ದುಡಿಯದೆ ಇದ್ದುದರಿಂದ. ಲಾರಿ ದುಡಿಯಿತು. ದುಡಿದದ್ದರಿಂದಲೇ ಸವೆಯಿತು, ಸವೆದದ್ದರಿಂದಲೇ ಬದಲಾಯಿತು. ಕೆನಡಾದ ಚಾಸಿ, ಇಂಗ್ಲೆಂಡಿನ ವಿನ್ಯಾಸದ ಮದರಾಸಿನ ಎಂಜಿನ್ನು, ಬೆಂಗಳೂರಿನ ಪಂಪು, ಊರಿನ ಬಡಗಿ ಕಟ್ಟಿದ ಮರದ ಬಾಡಿ ಹೊತ್ತ ಲಾರಿಯನ್ನು ಕಂಡು ‘ಇದು ಅಸಲಿಯಲ್ಲ’ ಎನ್ನುವುದು ಸುಲಭ. ಆದರೆ ಆ ಲಾರಿಗೆ ಮೂಲದ ಎಂಜಿನ್ನನ್ನು ವಿದೇಶದಿಂದ ತರಿಸಿ ಮತ್ತೆ ಕೂರಿಸಿದರೆ 1943ರ ಒಂದು ದಿನವನ್ನು ಉಳಿಸಿದಂತಾಗುತ್ತದೆಯೇ ಹೊರತು ಆಮೇಲಿನ ಐವತ್ತು ವರ್ಷಗಳನ್ನು ಅಳಿಸಿದಂತಾಗುತ್ತದೆ.

ಹೀಗೆಂದ ಮಾತ್ರಕ್ಕೆ ಸೋತ ಲಾರಿಗಳು ಹೊಗೆ ಕಾರುತ್ತ ರಸ್ತೆಯಲ್ಲೇ ಇರಲಿ ಎಂದಲ್ಲ. ಅವು ವಿಶ್ರಾಂತಿ ಪಡೆಯಬೇಕಾದದ್ದು ನ್ಯಾಯವೇ. 2020ರ ಏಪ್ರಿಲ್‌ನಿಂದ ಬಿ.ಎಸ್.-6 ಮಾನದಂಡ ಬಂದ ಮೇಲೆ ಲಾರಿಯ ಎಂಜಿನ್ನು ಕಂಪ್ಯೂಟರಿನ ಆಣತಿಯಂತೆ ನಡೆಯುತ್ತದೆ. ಸಂವೇದಕಗಳು, ಹೊಗೆ ಶುದ್ಧೀಕರಿಸುವ ಸಾಧನಗಳು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ತಟ್ಟೆಯೊಂದನ್ನು ಕಡೆದು ಬೇರೆ ಎಂಜಿನ್ ಕೂರಿಸುವ ಕಾಲ ಮುಗಿದಂತೆಯೇ. ಇನ್ನೊಂದೆಡೆ, ಅನುಮೋದಿತ ಕಿಟ್ಟುಗಳ ಮೂಲಕ ಹಳೆಯ ವಾಹನಗಳನ್ನು ವಿದ್ಯುತ್ ಚಾಲಿತವಾಗಿಸಲು ನಿಯಮಗಳು ದಾರಿ ತೆರೆದಿವೆ. ಇದ್ದಿಲು, ಡೀಸೆಲ್ ಆದ ಮೇಲೆ ಈಗ ಬ್ಯಾಟರಿಯ ಸರದಿ.

ಆ ಹಳೆಯ ಲಾರಿಗಳ ಪೈಕಿ ಕೆಲವನ್ನಾದರೂ, ಬದಲಿ ಎಂಜಿನ್ನಿನ ಸಮೇತ, ಕಡೆದ ತಟ್ಟೆ, ಬೆಸುಗೆಯ ಗುರುತು, ತಿದ್ದಿದ ಆರ್.ಸಿ. ಪುಸ್ತಕದ ಸಮೇತ ಕಾಪಾಡಿಡುವುದು ಅಗತ್ಯ. ನಮ್ಮ ವಸ್ತುಸಂಗ್ರಹಾಲಯಗಳು ಹೊಳೆಯುವ ಕಾರುಗಳ ಪಕ್ಕದಲ್ಲಿ ಅಂಥದ್ದೊಂದಕ್ಕೆ ಜಾಗ ಕೊಡಬೇಕು. ಬಿಳಿ ಲೋಹ ಎರೆಯಬಲ್ಲ, ನೀಲಿ ಸವರಿ ಬೇರಿಂಗು ಹೊಂದಿಸಬಲ್ಲ ಮೇಸ್ತ್ರಿಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಬರೆದಿಟ್ಟುಕೊಳ್ಳಬೇಕು. ಕಾರ್ಖಾನೆ ಕೊಟ್ಟ ವಿವರ ಕಾರ್ಖಾನೆಯ ಕಡತದಲ್ಲಿ ಸಿಗುತ್ತದೆ. ಗ್ಯಾರೇಜು ಬರೆದ ಚರಿತ್ರೆ ಮಾತ್ರ ಆ ಕಬ್ಬಿಣದ ಮೇಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಗುಜರಿಯವನ ತಕ್ಕಡಿಗೆ ಬಿದ್ದರೆ ಅದಕ್ಕೆ ಕಿಲೋ ಲೆಕ್ಕದ ಬೆಲೆಯಷ್ಟೇ.